ಬಿಸಿಯೂಟದ ಮೇಲೊಂದು ಪ್ರಬಂಧ

ಸಂಜೆ ದೇವರಿಗೆ ದೀಪ ಹಚ್ಚುವ ಹೊತ್ತಿಗೆ ಕೇರಿಯ ಮಕ್ಕಳು ನಮ್ಮ ಜಗಲಿಗೆ ಬಂದು ಕೂರುತ್ತಾರೆ. ನಾನು ಟೀಚರ್ ಅಲ್ಲ, ಪಿಯುಸಿ ಮುಗಿಸಿ ಮದುವೆಯಾಗಿ ತದಡಿಗೆ ಬಂದವಳು. ಮೊದಲು ಒಂದು ಭಜನೆ, ಆಮೇಲೆ ಪಾಠ. ಲೆಕ್ಕ, ಇಂಗ್ಲಿಷ್ ನನಗೆ ಅಷ್ಟಕ್ಕಷ್ಟೇ. ಕನ್ನಡದಲ್ಲಿ ಬರೆಯುವುದನ್ನು ಕಲಿಸುವಷ್ಟು ದೇವರು ಕೊಟ್ಟಿದ್ದಾನೆ. ಅದೇ ದೊಡ್ಡದು.

ಮಕ್ಕಳಿಗೆ ಪ್ರಬಂಧವೆಂದರೆ ಗೈಡಿನಲ್ಲಿದ್ದದ್ದನ್ನು ಬಾಯಿಪಾಠ ಮಾಡುವುದು. ಕಳೆದ ಮಳೆಗಾಲದಲ್ಲಿ ಐದನೇ ತರಗತಿಯ ಹುಡುಗಿಯೊಬ್ಬಳು ಹಾಗೇ ಒಪ್ಪಿಸಿದಳು: “ಮಳೆಗಾಲ ಬಂದರೆ ಎಲ್ಲರಿಗೂ ಸಂತೋಷವಾಗುತ್ತದೆ.” ಅವಳ ಅಪ್ಪ ಮೀನು ಹಿಡಿಯಲು ಬೋಟಿಗೆ ಹೋಗುವವನು. ಆಗ ಕಡಲಿಗೆ ಇಳಿಯುವಂತಿಲ್ಲ, ಬೋಟುಗಳೆಲ್ಲ ಬಂದರಿನಲ್ಲೇ ನಿಂತಿದ್ದವು.

“ನಿನ್ನಪ್ಪಂಗೂ ಸಂತೋಷ ಆಗ್ತದಾ?” ಎಂದೆ.

“ಇಲ್ಲ ಚಿಕ್ಕಮ್ಮ. ಬೋಟು ಬಂದ್ ಅಲ್ವ? ಮನೇಲಿ ಕೂತ್ಕಂಡು ಎಲ್ಲದಕ್ಕೂ ಬೈತಾನೆ.”

“ಮತ್ತೆ ಅದನ್ನೇ ಬರಿ.”

“ಹಂಗೆಲ್ಲ ಬರಿಲಿಕ್ಕೆ ಆಗ್ತದಾ? ಗೈಡಲ್ಲಿ ಇಲ್ಲ ಅದು.”

ಮರುದಿನದಿಂದ ಹೊಸ ಪದ್ಧತಿ ಹಾಕಿದೆ. ಭಜನೆಯಾದ ಮೇಲೆ ಪ್ರತಿಯೊಬ್ಬರೂ ಅಂದು ತಾವು ಕಂಡದ್ದೊಂದನ್ನು ದೇವರಿಗೆ ಹೇಳಬೇಕು, ಹೇಳಿದ್ದನ್ನೇ ಬರೆಯಬೇಕು.

“ದೇವ್ರಿಗೆ ಎಲ್ಲಾ ಗೊತ್ತಿರ್ತದಲ್ಲ, ಮತ್ತೆ ಹೇಳೂದೆಂತಕ್ಕೆ?” ಎಂದು ಒಬ್ಬ ಕೇಳಿದ.

“ಗೊತ್ತಿದ್ರೂ ನಿನ್ನ ಬಾಯಲ್ಲಿ ಕೇಳ್ಬೇಕಂತೆ. ಸುಳ್ಳು ಮಾತ್ರ ಹೇಳ್ಬೇಡ, ಅಲ್ಲಿ ನಡಿಯೂದಿಲ್ಲ.”

ಹೇಳಲು ಬಂತು. ಆದರೆ ಬರೆಯಲು ಕೂತರೆ ಬೆಕ್ಕು, ಮಳೆ, ಅಜ್ಜಿಯ ಕಾಲುನೋವು ಎಲ್ಲವೂ ಒಂದೇ ಉಸಿರಿಗೆ. ಅಘನಾಶಿನಿಯ ಆಚೆ ದಡಕ್ಕೆ ಹೋಗುವ ದೋಣಿಯನ್ನು ನೆನಪಿಸಿದೆ. ಊರನ್ನೆಲ್ಲ ಒಂದೇ ಸಲ ಹತ್ತಿಸಿದರೆ ಮುಳುಗುತ್ತದೆ. ಒಂದು ಪ್ಯಾರಾ ಅಂದರೆ ಒಂದು ಟ್ರಿಪ್ಪು. ಬೆಕ್ಕನ್ನು ದಡ ಮುಟ್ಟಿಸಿ ಬಾ, ಅಜ್ಜಿ ಇಲ್ಲೇ ಕಾಯುತ್ತಾರೆ, ಎಂದೆ. ಆ ಮಾತು ಅವರಿಗೆ ಸಲೀಸಾಗಿ ಹತ್ತಿತು.

ಹುಡುಗಿ ಮಳೆಗಾಲದ ಪ್ರಬಂಧವನ್ನು ಹೊಸದಾಗಿ ಬರೆದಳು. ಒಂದು ಪ್ಯಾರಾದಲ್ಲಿ ಬಲೆ ಹೊಲಿಯುವ ಅಪ್ಪ, ಇನ್ನೊಂದರಲ್ಲಿ ಒಣಮೀನು ಸುಡುವ ಅಮ್ಮ, ಮತ್ತೊಂದರಲ್ಲಿ ಮನೆಯ ಬೈಗುಳ. ಅದನ್ನು ಶಾಲೆಗೆ ಒಯ್ದವಳು ಸಂಜೆ ಅತ್ತುಕೊಂಡು ಬಂದಳು. ಅಕ್ಕೋರು, ಅಂದರೆ ಅವಳ ಟೀಚರು, ಇದು ನಿನ್ನದಲ್ಲ, ಯಾರೋ ಬರೆದುಕೊಟ್ಟದ್ದು ಎಂದಿದ್ದರು, ಅದೂ ಎಲ್ಲರ ಎದುರು. ಕುಮಟೆಯಲ್ಲಿ ನಡೆಯುವ ಪ್ರಬಂಧ ಸ್ಪರ್ಧೆಗೆ ಇವಳನ್ನು ಕಳಿಸುವ ಮಾತಿತ್ತು, ಅದೂ ನಿಂತಿತ್ತು. ಸ್ಪರ್ಧೆ ಹೋದರೆ ಹೋಗಲಿ. ನಿಜ ಬರೆದ ಮಗು ಕ್ಲಾಸಿನಲ್ಲಿ ಕಳ್ಳಿಯಾಗಿ ಕೂರುವುದು ನನಗೆ ಸಹಿಸಲಾಗಲಿಲ್ಲ. ಬೆಳಿಗ್ಗೆ ಅವಳ ಕೈಹಿಡಿದು ನಾನೇ ಶಾಲೆಗೆ ಹೋದೆ.

“ನೀವು ಕಲಿಸೂದು ಒಳ್ಳೇದೇ,” ಎಂದರು ಅಕ್ಕೋರು. “ಆದ್ರೆ ಬರ್ದು ಕೊಡ್ಬಾರ್ದು.”

“ನಾ ಒಂದಕ್ಷರ ಬರ್ದಿಲ್ಲ ಅಕ್ಕೋರೆ. ಈಗ್ಲೇ ನಿಮ್ಮೆದ್ರಿಗೆ ಕೂರ್ಸಿ. ವಿಷ್ಯ ನೀವೇ ಕೊಡಿ.”

‘ನಮ್ಮ ಶಾಲೆಯ ಬಿಸಿಯೂಟ’ ಎಂದು ಅವರು ವಿಷಯ ಕೊಟ್ಟರು. ಅದು ಗೈಡಿನಲ್ಲಿದೆ. ಹೆದರಿದ ಮಗು ಅದನ್ನೇ ಬರೆದಿಟ್ಟರೆ ಮುಗಿಯಿತು. ನಾನು ಹೊರಗಿನ ಕಟ್ಟೆಯ ಮೇಲೆ ಕೂತು, ಬಾಯಿಗೆ ಬಂದ ಸ್ತೋತ್ರವನ್ನೆಲ್ಲ ಹೇಳಿದೆ.

ಕೊನೆಗೆ ಅಕ್ಕೋರು ನನ್ನನ್ನು ಒಳಗೆ ಕರೆದು, ಹಾಳೆಯನ್ನು ಎಲ್ಲರಿಗೂ ಕೇಳುವಂತೆ ಓದಿದರು. ಅಡುಗೆಯ ಅಕ್ಕನೂ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತಳು.

“ಒಂದನೇ ತರಗತಿಯವರು ಮೊದಲು ಕೂರುತ್ತಾರೆ. ಅವರಿಗೆ ಸಾರಿನ ಮೇಲಿನ ತಿಳಿ ಬರುತ್ತದೆ. ನಾವು ಐದನೆಯವರು ಕೊನೆಗೆ ಕೂರುತ್ತೇವೆ. ಅಡಿಯ ಬಟಾಟೆ ಎಲ್ಲ ನಮಗೆ.”

ಅಕ್ಕೋರು ಒಮ್ಮೆ ಬಾಗಿಲ ಕಡೆ ನೋಡಿ ಮುಂದಿನ ಪ್ಯಾರಾಕ್ಕೆ ಬಂದರು.

“ನನ್ನ ತಮ್ಮ ಒಂದನೇ ತರಗತಿ. ಶಾಲೆಯಲ್ಲಿ ಬಟಾಟೆ ಹಾಕುವುದೇ ಇಲ್ಲ ಎಂದು ಅವನು ಅಮ್ಮನಿಗೆ ಹೇಳುತ್ತಾನೆ. ಆಗ ನಾನು ಸುಮ್ಮನಿರುತ್ತೇನೆ.”

ಮಕ್ಕಳು ನಕ್ಕರು. ಅಕ್ಕೋರಿಗೂ ನಗು ತಡೆಯಲಾಗಲಿಲ್ಲ. ಆಮೇಲೆ ಗಂಭೀರರಾಗಿ, ಎಲ್ಲರೆದುರೇ ಹೇಳಿದರು: “ನಿನ್ನೆ ನಾ ಹೇಳಿದ್ದು ತಪ್ಪು. ಕುಮಟೆಗೆ ನೀನೇ ಹೋಗು.” ಹಾಗೆ ಹೇಳುವ ಅಕ್ಕೋರು ಸಿಕ್ಕಿದ್ದೂ ಆ ಮಗುವಿನ ಪುಣ್ಯ. ಹೆಮ್ಮೆ ಪಟ್ಟರೆ ದೇವರು ಮುನಿಯುತ್ತಾನೆ ಎಂದು ನಮ್ಮತ್ತೆ ಹೇಳುತ್ತಿದ್ದರು. ನಾನು ಅಂದು ಹೊಟ್ಟೆ ತುಂಬ ಪಟ್ಟೆ, ಅವನು ಮುನಿದ ಹಾಗೆ ಕಾಣಲಿಲ್ಲ.

ಮುನಿದವಳು ಅಡುಗೆಯ ಅಕ್ಕ. “ಎಂತದೇ, ಊರೆಲ್ಲ ಕೇಳೂ ಹಂಗೆ ನನ್ನ ಸಾರಿನ ಮರ್ಯಾದಿ ತೆಗ್ದ್ಯಲ್ಲೇ.”

“ಇದ್ದದ್ದೇ ಬರ್ದೆ ಅಕ್ಕ,” ಎಂದಳು ಹುಡುಗಿ, ತಲೆ ತಗ್ಗಿಸದೆ.

ಅಡುಗೆಯ ಅಕ್ಕ ಸೌಟನ್ನೊಮ್ಮೆ ನೋಡಿಕೊಂಡಳು. “ಆತು. ಇವತ್ತಿಂದ ಅಡಿಂದ ಕಲಕಿ ಹಾಕ್ತೆ. ಅದನ್ನೂ ಬರಿ ಮತ್ತೆ.”

ಹುಡುಗಿ ಅಕ್ಕೋರ ಹತ್ತಿರ ಇನ್ನೊಂದು ಹಾಳೆ ಕೇಳಿದಳು.