ಬಿಳಿ ದೇವಿಯ ಗುಡಿಯಲ್ಲಿ ಅತ್ತೆಯ ಗೆಳತಿ

ಅತ್ತೆ ಧಾರವಾಡದಿಂದ ಅಮೆರಿಕದ ಪ್ಲೇನೋ ಊರಿನ ನಮ್ಮ ಮನೆಗೆ ಬಂದ ಹೊಸದು. ಒಂದು ಶನಿವಾರ ಬಾಳೆಎಲೆ, ಕರಿಬೇವು ತರಲೆಂದು ಹತ್ತಿರದ ಊರು ಗಾರ್ಲೆಂಡಿನ ವಿಯೆಟ್ನಾಮಿ ಅಂಗಡಿಗೆ ಹೊರಟಿದ್ದೆವು. ದಾರಿಯಲ್ಲಿ ಒಂದು ಕಾಂಪೌಂಡಿನೊಳಗೆ ಎತ್ತರದ ಬಿಳಿ ಹೆಣ್ಣುಮೂರ್ತಿ ಕಾಣಿಸಿತು.

"ಯಾವ ದೇವೀದು ಗುಡಿ? ಗಾಡಿ ನಿಂದರಸವಾ," ಅಂದರು.

"ಅದು ಬೌದ್ಧರದ್ದು, ಅತ್ತೆ."

"ಆದ್ರೇನಾತು? ಕೈ ಮುಗದು ಹೋಗೂಣು."

ಒಳಗೆ ಅವರದೇ ವಯಸ್ಸಿನ ವಿಯೆಟ್ನಾಮಿ ಅಜ್ಜಿಯೊಬ್ಬರು ಸೇವಂತಿಗೆಯ ದಂಟು ಕತ್ತರಿಸುತ್ತ ಕೂತಿದ್ದರು. ಅತ್ತೆ ಪಕ್ಕದಲ್ಲಿ ಕೂತು ತಾವೂ ಕೈ ಹಚ್ಚಿದರು. ಆಮೇಲೆ ಪ್ರತಿ ಶನಿವಾರವೂ ಅಲ್ಲಿಗೆ ಡ್ರೈವ್ ಮಾಡುವುದೇ ನನ್ನ ಕೆಲಸವಾಯಿತು. "ನಿಮ್ಮ ಮೊಣಕಾಲು ಹ್ಯಾಂಗದಾವ್ರಿ?" ಎಂದು ಇವರು ಕೇಳಿದರೆ ಅವರು ತಮ್ಮ ಭಾಷೆಯಲ್ಲಿ ಉದ್ದಕ್ಕೆ ಏನೋ ಹೇಳುವರು. "ಹೌದ್ರಿ, ಥಂಡಿಗೆ ಹಂಗ ಆಗ್ತದ," ಎಂದು ಇವರು ತಲೆದೂಗುವರು. ಮನೆಗೆ ಬಂದಮೇಲೆ ಆ ಅಜ್ಜಿಯ ಸೊಸೆಯ ಸುದ್ದಿಯನ್ನೂ ನನಗೆ ಹೇಳುತ್ತಿದ್ದರು. ಹೇಗೆ ತಿಳಿಯುತ್ತಿತ್ತೋ!

ವೀಸಾ ಮುಗಿದು ಊರಿಗೆ ಹೋದ ಅತ್ತೆ ದೀಪಾವಳಿಗೆ ಮೊದಲೇ ತೀರಿಕೊಂಡರು. ನಿದ್ದೆಯಲ್ಲೇ ಹಾರ್ಟ್ ಅಟ್ಯಾಕ್. ನನ್ನ ಗಂಡ ಹೋಗಿ ಕರ್ಮ ಮುಗಿಸಿ ಬಂದರು. ಬಂದ ಮರುದಿನದಿಂದಲೇ ಆಫೀಸು. ಅವ್ವನ ಮಾತೇ ಇಲ್ಲ.

ಅಜ್ಜಿಗೆ ತಿಳಿಸಬೇಕಲ್ಲ ಎಂದು ಒಬ್ಬಳೇ ಹೋದೆ. ನನ್ನನ್ನು ಕಂಡವರೇ ಎದ್ದು, ನನ್ನ ಬೆನ್ನ ಹಿಂದೆ ಕಾರಿನ ಕಡೆ ನೋಡಿದರು. ಹೇಳಲು ಭಾಷೆಯಿಲ್ಲದೆ, ಹಾರ ಹಾಕಿದ್ದ ಅತ್ತೆಯ ಫೋಟೋವನ್ನು ಫೋನಿನಲ್ಲಿ ತೋರಿಸಿದೆ. ಅಜ್ಜಿ ಖುಷಿಯಿಂದ ಚಪ್ಪಾಳೆ ತಟ್ಟಿದರು. ಹಾರ, ಕುಂಕುಮ, ದೀಪ ನೋಡಿ ಯಾವುದೋ ಶುಭಕಾರ್ಯ ಅಂದುಕೊಂಡಿರಬೇಕು.

ಅಲ್ಲ ಎಂದು ತಲೆ ಅಲ್ಲಾಡಿಸಿದರೂ ಅವರಿಗೆ ತಿಳಿಯಲಿಲ್ಲ. ಕೊನೆಗೆ ಅವರ ಕೈ ಹಿಡಿದು ಪಕ್ಕದ ಕೋಣೆಗೆ ಕರೆದೊಯ್ದೆ. ಅಲ್ಲಿ ಗೋಡೆಯ ತುಂಬ ತೀರಿಹೋದವರ ಫೋಟೋಗಳಿರುವುದನ್ನು ಅತ್ತೆಯ ಜೊತೆ ಬಂದಾಗ ನೋಡಿದ್ದೆ. ಫೋನನ್ನು ಆ ಸಾಲಿನ ಪಕ್ಕಕ್ಕೆ ಹಿಡಿದೆ.

ಅಜ್ಜಿ ಗೋಡೆ ನೋಡಿದರು, ಫೋನು ನೋಡಿದರು, ಅಲ್ಲೇ ನೆಲಕ್ಕೆ ಕುಸಿದು ಕೂತರು. ಏನೋ ಕೇಳಿದರು.

"ಒದ್ದಾಡಲಿಲ್ಲ ಅಜ್ಜಿ. ನಿದ್ದೆಯಲ್ಲೇ ಹೋದರು," ಎಂದು ನಾನು ಕನ್ನಡದಲ್ಲೇ ಹೇಳಿದೆ. ಇಬ್ಬರಿಗೂ ಅಳು ತಡೆಯಲಾಗಲಿಲ್ಲ.

ಮುಂದಿನ ವಾರ ಹಾರವಿಲ್ಲದ ಫೋಟೋ ಪ್ರಿಂಟ್ ಹಾಕಿಸಿ ಒಯ್ದೆ. ಅಜ್ಜಿಯೇ ಭಿಕ್ಷುಗಳನ್ನು ಕೇಳಿ ಗೋಡೆಯಲ್ಲಿ ಜಾಗ ಮಾಡಿಸಿದರು. ಒಂದು ಭಾನುವಾರ ಗಂಡನನ್ನೂ ಕರೆದುಕೊಂಡು ಹೋದೆ. ಒಲ್ಲೆ, ಒಲ್ಲೆ ಎನ್ನುತ್ತಲೇ ಬಂದವರು, ಗುರುತಿಲ್ಲದ ಅಷ್ಟು ಮುಖಗಳ ನಡುವೆ ಇಳಕಲ್ ಸೀರೆ ಉಟ್ಟ ತಮ್ಮ ಅವ್ವನನ್ನು ನೋಡುತ್ತ ನಿಂತುಬಿಟ್ಟರು.

"ಇಲ್ಲೆ ಯಾರ ಜೋಡಿ ಮಾತಾಡ್ತಾಳ ಆಕಿ?" ಎಂದರು.

ನಾನು ಏನಾದರೂ ಹೇಳುವ ಮೊದಲೇ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಅವ್ವ ಹೋದಮೇಲೆ ಅವರು ಅತ್ತಿದ್ದು ಅವತ್ತೇ. ನಮ್ಮ ಹಿಂದೆಯೇ ಬಂದಿದ್ದ ಅಜ್ಜಿ ಅವರ ಎದೆಮಟ್ಟಕ್ಕೂ ಬರುವುದಿಲ್ಲ. ಕೈ ಎತ್ತರಿಸಿ, ಎಟುಕಿದಷ್ಟು ಬೆನ್ನು ಸವರುತ್ತ ನಿಂತರು.