ಹನ್ನೊಂದು ಸಾಲಿನ ಷರತ್ತು

ನೀವು ನಂಬುವುದಿಲ್ಲ, ಬೇಕಾದರೆ ಗೋಪಾಲಸ್ವಾಮಿ ಬೆಟ್ಟವನ್ನು ಬರಿಗಾಲಲ್ಲಿ ಹತ್ತಿ ಆಣೆ ಇಡುತ್ತೇನೆ: ತೊಂಬತ್ತೊಂಬತ್ತರಲ್ಲಿ, ಮೀಸೆ ಇನ್ನೂ ಅರ್ಧ ಬಂದಿದ್ದ ನನ್ನನ್ನು ಸಮುದ್ರದಾಚೆಯ ಮನುಷ್ಯನೊಬ್ಬ ‘ನಿನ್ನ ಷರತ್ತೇನು?’ ಎಂದು ಕೇಳಿದ.

ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಕಂಪ್ಯೂಟರ್ ಸೆಂಟರ್. ಅಲ್ಲಿನ ಪ್ರಿಂಟರ್ ಕಿರುಚಿದರೆ ಬಂಡೀಪುರದ ಆನೆಗಳು ಕೇರಳಕ್ಕೆ ಗಂಟುಮೂಟೆ ಕಟ್ಟುತ್ತಿದ್ದವು. ಪ್ರತಿ ಹಾಳೆಯ ಕೊನೆಯ ಸಾಲನ್ನು ನುಂಗುವುದು ಅದರ ಚಾಳಿ. ಬಂಡೀಪುರದ ಮದ್ದೂರು ವಲಯದಲ್ಲಿ ಫಾರೆಸ್ಟ್ ವಾಚರ್ ಆಗಿದ್ದ ಅಪ್ಪನ ವರ್ಗಾವಣೆ ಅರ್ಜಿ, ಕೊನೆಯಲ್ಲಿ ಅವನ ಹೆಸರೇ ಇಲ್ಲದೆ ಹೋಗಿ, ಹಾಗೇ ವಾಪಸ್ ಬಂದಿತ್ತು.

ಆ ಪ್ರಿಂಟರ್ ನಡೆಸುವ ಸಾಫ್ಟ್‌ವೇರನ್ನು ಯಾವ್ಯಾವುದೋ ದೇಶದವರು ಸೇರಿ ಬರೆದು, ಯಾರು ಬೇಕಾದರೂ ತೆರೆದು ತಿದ್ದಲಿ ಎಂದು ಬಿಟ್ಟಿದ್ದರು. ನಾನು ತೆರೆದೆ, ತಿದ್ದಿದೆ. ಗೆಳೆಯರಿಗೆ ಎರಡು ಸಾವಿರ ಸಾಲು ಕೋಡ್ ಬರೆದೆ ಎಂದೆ. ಬರೆದದ್ದು ಹನ್ನೊಂದು. ಅದನ್ನು ಅವರಿಗೂ ಇಮೇಲ್ ಮಾಡಿದೆ.

ಅವರಲ್ಲೊಬ್ಬನಿಂದ ಉತ್ತರ ಬಂತು. ನಿನ್ನ ಸಾಲುಗಳನ್ನು ಸೇರಿಸಿ ನಿನ್ನ ಹೆಸರು ಹಾಕುತ್ತೇವೆ. ಆದರೆ ಅವು ನಿನ್ನವು, ಯಾವ ಲೈಸೆನ್ಸಿನಲ್ಲಿ, ಅಂದರೆ ಯಾವ ಷರತ್ತಿಗೆ, ಕೊಡುತ್ತೀ ಎಂದು ನೀನೇ ಹೇಳಬೇಕು. ತೆಗೆದುಕೊಂಡವನು ಬಚ್ಚಿಟ್ಟುಕೊಂಡರೂ ಸರಿ ಎನ್ನುವುದು ಒಂದು ಬಗೆ. ತಿದ್ದಿ ಹಂಚಿದರೆ ಅದನ್ನೂ ಹೀಗೇ ತೆರೆದೇ ಕೊಡಬೇಕು ಎನ್ನುವುದು ಇನ್ನೊಂದು. ಜೊತೆಗಿರುವ ಫಾರಮ್ಮಿನಲ್ಲಿ ಗುರುತು ಹಾಕಿ ಫ್ಯಾಕ್ಸ್ ಮಾಡು; ಹದಿನೆಂಟು ತುಂಬಿಲ್ಲದಿದ್ದರೆ ಅದರ ಮೇಲೆ ಅಪ್ಪ ಅಥವಾ ಅಮ್ಮನ ಸಹಿ ಬೇಕು.

ಯಾವ ಸಾರು ಮಾಡಲಿ ಎಂದು ಕೂಡ ನನ್ನನ್ನು ಮನೆಯಲ್ಲಿ ಯಾರೂ ಕೇಳಿದವರಲ್ಲ.

“ಏನ್ಲಾ, ಬಾಯ್ ತಕ್ಕಂಡು ಕುಂತ್ಬುಟ್ಟೆ? ನೊಣ ಒಳಿಕ್ಕೋದದು” ಎಂದರು ಸೆಂಟರ್ ನಡೆಸುತ್ತಿದ್ದ ಅಕ್ಕ. ಉಮ್ಮತ್ತೂರಿನವರು. ವಿಷಯ ಹೇಳಿದೆ.

“ಇದ್ಯಾವ್ ಮಹಾ? ನಮ್ಮವ್ವ ಅರಿಶಿನದ ಬಿತ್ನೆ ಗೆಡ್ಡೆ ಕೊಡೋವಾಗ ಏನಂತಳೆ ಗೊತ್ತಾ? ತಗಂಡೋಗು, ಬೆಳ್ಕ. ನಾಳಿಕ್ಕೆ ಇನ್ನೊಬ್ರು ಬಿತ್ನೆ ಕೇಳುದ್ರೆ ಮಾತ್ರ ಇಲ್ಲ ಅನ್ನಂಗಿಲ್ಲ. ಅಂದೋರ್ಗೆ ಮುಂದ್ಲೊರ್ಷ ಗೆಡ್ಡೆ ಇಲ್ಲ, ಅಷ್ಟೇ ಕಣ.”

ನಾನು ಪರದೆ ನೋಡಿದೆ, ಅಕ್ಕನನ್ನು ನೋಡಿದೆ. ಎಂದೂ ಭೇಟಿಯಾಗದ ಇಬ್ಬರು, ಉಮ್ಮತ್ತೂರಿನ ಒಬ್ಬ ಮುದುಕಿ ಮತ್ತು ಸಮುದ್ರದಾಚೆಯ ಒಬ್ಬ ಮನುಷ್ಯ, ಒಂದೇ ಮಾತು ಹೇಳುತ್ತಿದ್ದರು. ಇದನ್ನು ಉಬ್ಬಿಸಿ ಹೇಳಲು ನನ್ನಂಥವನಿಗೂ ಜಾಗ ಉಳಿದಿರಲಿಲ್ಲ. ಫಾರಂ ಪ್ರಿಂಟ್ ತೆಗೆದು ಎರಡನೆಯ ಬಗೆಗೆ ಗುರುತು ಹಾಕಿದೆ.

ಉಳಿದದ್ದು ಸಹಿ. ನಾನು ಇಂಗ್ಲಿಷ್ ಟ್ಯೂಷನ್ನಿನಲ್ಲಿದ್ದೇನೆ ಎಂದು ಅಪ್ಪ ನಂಬಿದ್ದ. ಹಾಗಾಗಿ ಅವನ ಸಹಿಯನ್ನೂ ನಾನೇ ಹಾಕಿದೆ. ಫಾರಿನ್ನಿಗೆ ಹೋಗುವ ಕಾಗದವಲ್ಲವೇ? ಇಂಗ್ಲಿಷಿನಲ್ಲಿ, ಮೂರು ಸುತ್ತು ಸುತ್ತಿಸಿ, ಕೆಳಗೆ ಎರಡು ಗೆರೆ ಎಳೆದು. ಚಾಮರಾಜನಗರದ ಫ್ಯಾಕ್ಸ್ ಅಂಗಡಿಗೆ ಬಸ್ ಹಿಡಿಯಲು ಎದ್ದೆ.

ಬಾಗಿಲಲ್ಲಿ ಖಾಕಿ ಬಟ್ಟೆ.

“ಆ ಅರ್ಜಿನ ಇನ್ನೊಂದ್ಸಲ ಪ್ರಿಂಟ್ ಮಾಡ್ಕೊಡವ್ವ” ಎನ್ನುತ್ತ ಒಳಗೆ ಬಂದ ಅಪ್ಪ ನನ್ನನ್ನು ಕಂಡ. ಆಮೇಲೆ ನನ್ನ ಕೈಯಲ್ಲಿದ್ದ ಫಾರಂ ಕಂಡ.

“ಇದ್ಯಾರ್ಲಾ ನನ್ನೆಸ್ರ ಇಂಗ್ಲಿಷ್ನಲ್ಲಿ ಗೀಚಿರೋದು? ನಾನು ಯಾವತ್ಲಾ ಇಂಗ್ಲಿಷ್ನಲ್ಲಿ ಸೈನ್ ಆಕಿದ್ದೀನಿ?”

ಅಷ್ಟರಲ್ಲಿ ಪ್ರಿಂಟರ್ ಕಿರುಚಿತು. ಅರ್ಜಿ ಹೊರಬಂತು, ಕೊನೆಯ ಸಾಲಿನಲ್ಲಿ ಅಪ್ಪನ ಹೆಸರಿನ ಸಮೇತ. ಅವನು ಅದನ್ನು ಬೆರಳಿನಿಂದ ಮುಟ್ಟಿ ನೋಡಿದ.

“ನಿಮ್ಮಗನೇ ಸರಿ ಮಾಡುದ್ದು. ಅದುನ್ನ ಯಾವ್ ಷರತ್ಗೆ ಕೊಡ್ತೀಯಾಂತ ಫಾರಿನ್ನೋರು ಇವುನ್ನೇ ಕೇಳವ್ರೆ” ಎಂದರು ಅಕ್ಕ.

ಅಪ್ಪ ನನ್ನನ್ನು ನೋಡಿ, ಪೆನ್ನು ತೆಗೆದ. ಅವನು ಕನ್ನಡದಲ್ಲಿ, ನಿಧಾನವಾಗಿ ಸಹಿ ಮಾಡಿದ. ಅರ್ಜಿಗೆ. ನನ್ನ ಫಾರಂ ನಾಲ್ಕು ಮಡಿಕೆಯಾಗಿ ಖಾಕಿ ಜೇಬು ಸೇರಿತು.

“ಅಪ್ಪನ ಸೈನ್ ಕದ್ದೋನ್ದು ಯಾವ್ ಷರತ್ಲಾ? ನಡಿ ಮನ್ಗೆ.”