ಬಸ್ಸಿಗಾಗಿ ಕತ್ತರಿಸಿದ ಕುರಿಮಂದೆ

ನಾನು ಒಬ್ಬ ಮನುಷ್ಯನನ್ನು ಸಿನಿಮಾದಿಂದ ಕತ್ತರಿಸಿ ತೆಗೆದೆ. ಅವನು ಬಂದು ಕೇಳಿದಾಗ, ಅವನ ಊರವರ ಎದುರಿಗೇ, ನೀನು ಅದರಲ್ಲಿ ಇರಲೇ ಇಲ್ಲ ಎಂದೆ. ಮೊದಲನೆಯದು ತಿಳಿಯದೆ ಆದದ್ದು. ಎರಡನೆಯದು ತಿಳಿದೇ ಮಾಡಿದ್ದು — ಅದೂ ನಗುನಗುತ್ತ.

ಗಡಿಯಾಚೆ, ಮರಾಠಿ ಸೀಮೆಗೆ ಸೇರಿದ ಜತ್ತದ ಟಾಕೀಜಿನಲ್ಲಿ ನಾನು ಆಪರೇಟರ್ ಆಗಿದ್ದೆ. ಅಪ್ಪನಿಗೆ ಪೇಟೆಯಲ್ಲಿ ಕಾಳುಕಡಿಯ ಅಂಗಡಿ ಇತ್ತು. ಗಾದಿಯ ಮೇಲೆ ಕೂರಬೇಕಾದ ಮಗ ಒಲೆಯಂಥ ಕೋಣೆಯಲ್ಲಿ ಬೇಯುತ್ತಾನಲ್ಲ ಎಂದು ಅವರು ಸಾಯುವತನಕ ಹಳಹಳಿಸಿದರು. ನನಗೋ ಆ ಕೋಣೆಯೇ ಅರಮನೆ. ಎರಡು ಪ್ರೊಜೆಕ್ಟರು, ಒಳಗೆ ಉರಿಯುವ ಕಾರ್ಬನ್ ಕಡ್ಡಿ, ಗೋಡೆಯಲ್ಲಿ ಅಂಗೈ ಅಗಲದ ಕಿಂಡಿ. ಒಂದು ಮಶೀನಿನ ರೀಲು ಮುಗಿದು ಇನ್ನೊಂದರದು ಶುರುವಾಗುವ ಗಳಿಗೆ ನೋಡುವವರಿಗೆ ತಿಳಿಯಬಾರದು. ನನ್ನ ಕೈಯಲ್ಲಿ ತಿಳಿಯುತ್ತಿರಲಿಲ್ಲ. ಹರಿದುಬಂದ ಪ್ರಿಂಟನ್ನು ನಾನು ಕೆರೆದು ಅಂಟಿಸಿದರೆ ಆ ಬೆಸುಗೆ ಬೆರಳಿಗೂ ಸಿಗುತ್ತಿರಲಿಲ್ಲ. ಜಂಬ ಎನ್ನುವವರು ಎನ್ನಲಿ. ಬಂದ ವಿದ್ಯೆಯನ್ನು ಬಂದಿಲ್ಲ ಎನ್ನುವುದೂ ಸುಳ್ಳೇ ತಾನೆ, ಸುಳ್ಳು ಹೇಳಿ ನನಗೆ ಸಾಕಾಗಿದೆ.

ಸಂತೆಯ ದಿನ ಟಾಕೀಜಿಗೆ ಸುಗ್ಗಿ. ಸನಮಡಿ, ಕುಣಿಕೋಣೂರು, ಸೋನ್ಯಾಳ — ಸುತ್ತಲಿನವರೆಲ್ಲ ಸಂತೆ ಮುಗಿಸಿ ಕೈಚೀಲ ಸಮೇತ ಮಧ್ಯಾಹ್ನದ ಆಟಕ್ಕೆ ಬಂದು ಕೂರುತ್ತಿದ್ದರು. ಆದರೆ ಒಂದು ಕಿವಿ ಸಿನಿಮಾದ ಕಡೆ, ಇನ್ನೊಂದು ಬಸ್ ಸ್ಟ್ಯಾಂಡಿನ ಕಡೆ. ಹಳ್ಳಿಗೆ ಹೋಗಿ ಅಲ್ಲೇ ತಂಗುವ ವಸ್ತಿ ಬಸ್ಸು ಹೊತ್ತು ಮುಳುಗುವ ಮೊದಲೇ ಹೊರಡುತ್ತಿತ್ತು, ಅದು ತಪ್ಪಿದರೆ ಕಾಲೇ ಗತಿ. ಸಿನಿಮಾ ಉದ್ದವಾದರೆ ಖಳನಾಯಕ ಇನ್ನೂ ಬದುಕಿರುವಾಗಲೇ ಜನ ಎದ್ದು ಓಡುವರು, ಮುಂದಿನ ಸಂತೆಗೆ ಬಂದು ನಮಗೆ ಬಯ್ಯುವರು. ಅದಕ್ಕೆ ನಾನೊಂದು ಉಪಾಯ ಕಂಡುಕೊಂಡಿದ್ದೆ. ಸಂತೆಯ ಬೆಳಿಗ್ಗೆ ಒಂದೆರಡು ಹಾಡು, ಸುಮ್ಮನೆ ನಡೆದಾಡುವ ದೃಶ್ಯ ಕತ್ತರಿಸಿ ಮೊಳೆಗೆ ತೂಗುಹಾಕುವುದು, ಮರುದಿನ ಮತ್ತೆ ಅಂಟಿಸಿಬಿಡುವುದು.

ಕತ್ತರಿಸಲಿಕ್ಕೂ ಬುದ್ಧಿ ಬೇಕು. ರೀಲಿನಲ್ಲಿ ಚಿತ್ರ ಒಂದು ಕಡೆ ಇದ್ದರೆ ಅದರ ದನಿ ತುಸು ಆಚೆ ಇರುತ್ತದೆ. ಮಾತಿನ ನಡುವೆ ಕತ್ತರಿ ಆಡಿಸಿದರೆ ಅರ್ಧ ಮಾತು ನುಂಗಿಹೋಗಿ ಗುಟ್ಟು ರಟ್ಟಾಗುತ್ತದೆ. ಹಾಗಾಗಿ ಮಾತಿಲ್ಲದ ದೃಶ್ಯವೆಂದರೆ ನನಗೆ ಬಲು ಪ್ರೀತಿ. "ಪಿಕ್ಚರ್ ಕಟ್ ಮಾಡ್ತೀರೇನ್ರಿ?" ಎಂದು ಯಾರಾದರೂ ಜೋರು ಮಾಡಿದರೆ ಮಾಲಕರದೂ ನನ್ನದೂ ಒಂದೇ ಉತ್ತರ — ಪ್ರಿಂಟ್ ಬಂದಿರುವುದೇ ಹೀಗೆ. ಒಪ್ಪಿಕೊಂಡಿದ್ದರೆ ಒಂದು ಕುರ್ಚಿಯೂ ಉಳಿಯುತ್ತಿರಲಿಲ್ಲ.

ಒಮ್ಮೆ ಒಂದು ಮರಾಠಿ ಚಿತ್ರ ಬಂತು. ಅದರ ಒಂದಿಷ್ಟು ಭಾಗವನ್ನು ನಮ್ಮ ಗುಡ್ಡಗಳಲ್ಲೇ ತೆಗೆದಿದ್ದರೆಂದು ನನಗೆ ಗೊತ್ತಿರಲಿಲ್ಲ. ಪ್ರಿಂಟ್ ಕೈಗೆ ಬಂದದ್ದೇ ಸಂತೆಯ ಬೆಳಿಗ್ಗೆ, ಮೊದಲ ಆಟಕ್ಕೆ ಮುಂಚೆ ರೀಲು ಬಿಚ್ಚಿ ನೋಡಿದೆ. ಗುಡ್ಡದ ಓರೆಯಲ್ಲಿ ಒಂದು ಕುರಿಮಂದೆ ಇಳಿದುಬರುತ್ತದೆ, ಮುಂದೆ ಒಬ್ಬ ಕುರಿಗಾರ, ಮಾತಿಲ್ಲ ಕತೆಯಿಲ್ಲ. ದೇವರೇ ಕೊಟ್ಟ ತುಂಡು ಎಂದುಕೊಂಡು ಕತ್ತರಿಸಿದೆ. ಬೆಸುಗೆ ಎಷ್ಟು ಚೆನ್ನಾಗಿ ಬಂತೆಂದರೆ ನಾನೇ ನನ್ನ ಬೆನ್ನು ತಟ್ಟಿಕೊಂಡೆ.

ಆಟ ಬಿಟ್ಟ ಮೇಲೆ ಕೆಳಗಿನ ಅಂಗಳದಲ್ಲಿ ಗದ್ದಲ. ಕಬ್ಬಿಣದ ಮೆಟ್ಟಿಲೇರಿ ಒಬ್ಬ ಕುರಿಗಾರ ಬಂದ. ಅವನನ್ನು ಮಾಳಪ್ಪ ಎಂದು ಕರೆಯುತ್ತೇನೆ. ಊರು ಸೋನ್ಯಾಳದ ಆಚೆಗಿನ ಒಂದು ಹಳ್ಳಿ ಎಂದಿಟ್ಟುಕೊಳ್ಳಿ. ಹೊಸ ರುಮಾಲು, ಎಣ್ಣೆ ಹಚ್ಚಿದ ಮೀಸೆ. ಅವನ ಬೆನ್ನಿಗೆ ಊರವರು, ಕೆಳಗಿನ ಮೆಟ್ಟಿಲ ಹತ್ತಿರ ಸೆರಗು ಹೊದ್ದ ಅವನ ಹೆಂಡತಿ. ನೀನು ಪರದೆಯ ಮೇಲೆ ಬರುವುದನ್ನು ನೋಡೋಣ ನಡಿ ಎಂದು ಊರಿಗೆ ಊರೇ ಅವನ ಜೊತೆ ಬಂದಿತ್ತು.

"ಸಾಹೇಬ್ರ, ಕುರಿ ಗುಡ್ಡ ಇಳಿಯೂದು ಒಂದಿತ್ತಲ್ರಿ? ಮುಂದ ನಾನ ಇದ್ನಿ. ಅದೆಲ್ಲಿ ಹೋತರಿ?"

ಆ ತುಂಡು ನನ್ನ ಬೆನ್ನ ಹಿಂದೆ ಮೊಳೆಯಲ್ಲಿ ತೂಗುತ್ತಿತ್ತು. 'ನಿಮ್ಮ ಬಸ್ಸಿಗೋಸ್ಕರ ತೆಗೆದೆ, ನಾಳೆ ಬಾ, ತೋರಿಸುತ್ತೇನೆ' — ಇಷ್ಟು ಹೇಳಿದ್ದರೆ ಸಾಕಿತ್ತು. ಆದರೆ ಅಷ್ಟು ಜನ ಕೇಳಿಸಿಕೊಳ್ಳುತ್ತ ನಿಂತಿದ್ದರು. ಕತ್ತರಿಯ ಗುಟ್ಟು ಒಡೆಯುವ ಭಯ — ಅಲ್ಲ, ಭಯಕ್ಕಿಂತ ಹೆಚ್ಚಾಗಿ ಇನ್ನೇನೋ. ಒಬ್ಬ ಕುರಿಗಾರ ನನ್ನ ಬೆಸುಗೆಯನ್ನು ಹಿಡಿದುಬಿಟ್ಟನಲ್ಲ ಎಂಬ ಉರಿ.

"ಈ ಪಿಕ್ಚರಿನಾಗ ಅಂಥಾದ್ದು ಇಲ್ಲೇ ಇಲ್ಲೋ ಮಾರಾಯ," ಎಂದೆ. "ಕುರಿ ಎಣಸ್ಕೋತ ಮಲಗಿದ್ದಿ ಕಾಣಸ್ತೈತಿ, ಕನಸ ಬಿದ್ದಿರಬೇಕು."

ಮೆಟ್ಟಿಲ ಮೇಲಿದ್ದವರೆಲ್ಲ ಹೋ ಎಂದು ನಕ್ಕರು. ನನಗೂ ಹಿಗ್ಗಾಯಿತು — ಹೌದು, ಮುಚ್ಚಿಡುವುದೇಕೆ, ಹಿಗ್ಗಾಯಿತು. ಮಾಳಪ್ಪ ನಗಲಿಲ್ಲ. ನನ್ನ ಮುಖವನ್ನೇ ನೋಡಿ, "ಇಲ್ರಿ... ನಾ ಇದ್ನಿ," ಎಂದ. ಆಮೇಲೆ ತಿರುಗಿ ಇಳಿದುಹೋದ. ಮರುದಿನ ಆ ತುಂಡನ್ನು ಅಂಟಿಸಿದರೆ ನನ್ನ ಮಾತೇ ಸುಳ್ಳಾಗುತ್ತಿತ್ತು. ಅದಕ್ಕೆ ಅಂಟಿಸಲಿಲ್ಲ. ಟಾಕೀಜಿನ ಹಿಂದಿನ ಚಹಾದ ಒಲೆಗೆ ಹಾಕಿದೆ, ಸರ್ರನೆ ಸುರುಟಿ ಹೋಯಿತು. ಆ ಚಿತ್ರ ಬೇರೆಲ್ಲೂ ಓಡಲಿಲ್ಲ. ಇವತ್ತು ಮೊಬೈಲಿನಲ್ಲಿ ಹುಡುಕಿದರೂ ಸಿಗುವುದಿಲ್ಲ.

ನನ್ನ ನಗೆಮಾತು ಮಾತ್ರ ಚೆನ್ನಾಗಿ ಓಡಿತು. ಆ ಊರಲ್ಲಿ ಯಾರಾದರೂ ಬಡಾಯಿ ಕೊಚ್ಚಿದರೆ 'ಮಾಳಪ್ಪನ ಸಿನಿಮಾ ಹಚ್ಚಬ್ಯಾಡ' ಎನ್ನತೊಡಗಿದರು. ಮಾತು ಬಸ್ಸು ಹತ್ತಿ ಜತ್ತಕ್ಕೂ ಬಂತು. ಚಹಾದಂಗಡಿಯಲ್ಲಿ ಅದನ್ನು ಕೇಳಿ ನಾನೂ ನಕ್ಕಿದ್ದೇನೆ, ಒಂದು ಸಲವಲ್ಲ.

ಟಾಕೀಜು ಮುಚ್ಚಿ ಈಗ ಅದು ಮದುವೆಯ ಹಾಲ್ ಆಗಿದೆ. ಮೊನ್ನೆ ಮನೆಯಲ್ಲಿ ಕೂತು ನನ್ನ ಕೈಚಳಕವನ್ನು ಬಣ್ಣಿಸುತ್ತಿದ್ದೆ. ಬೆಸುಗೆ ಬೆರಳಿಗೂ ಸಿಗುತ್ತಿರಲಿಲ್ಲ ಎಂಬಲ್ಲಿಗೆ ಬಂದಾಗ ಮೊಮ್ಮಗಳು, "ಸಾಕ ಬಿಡೋ ಅಜ್ಜಾ, ಮಾಳಪ್ಪನ ಸಿನಿಮಾ," ಎಂದಳು. ಮಾಳಪ್ಪ ಯಾರೆಂದು ಕೇಳಿದೆ. "ಯಾರಿಗ್ಗೊತ್ತು? ಯಾವನೋ ಸುಳ್ಳಬುರುಕ," ಎಂದಳು. ಬದುಕಿರುವ ಮನುಷ್ಯನನ್ನು ನಾನು ಗಾದೆ ಮಾಡಿಬಿಟ್ಟಿದ್ದೆ. ನನಗೆ ನಾಚಿಕೆಯಾಯಿತು, ಅವನ ಮೇಲೆ ಕರುಣೆ ಬಂತು ಎಂದಷ್ಟೇ ಬರೆದರೆ ಸಾಲದು, ಅಂಜಿಕೆಯೂ ಆಯಿತು. ಆದರೂ ಅವನ ಊರಿಗೆ ಹೊರಟೆ. ಕೆಲಸ ಹಿಡಿದರೆ ಮುಗಿಸುವವನು ನಾನು — ಊರ ಕಟ್ಟೆಯ ಮೇಲೆ ನಾಲ್ಕು ಜನರನ್ನು ಸೇರಿಸಿ, ಇವನು ಹೇಳಿದ್ದೇ ಖರೆ, ಸುಳ್ಳುಗಾರ ನಾನು ಎಂದು ಹೇಳಿ ಬರುವುದೆಂದು ಗಟ್ಟಿ ಮಾಡಿಕೊಂಡಿದ್ದೆ.

ಮಾಳಪ್ಪ ಹಟ್ಟಿಯ ಮುಂದೆ ಉಣ್ಣೆ ಬಿಡಿಸುತ್ತ ಕೂತಿದ್ದ. ಗುರುತು ಹಿಡಿದ. "ಬರ್ರಿ ಆಪರೇಟರ್ ಸಾಹೇಬ್ರ, ಕುಂದ್ರಿ," ಎಂದು ಕಂಬಳಿ ಹಾಸಿದ. ನಾನು ಕೂತು ಎಲ್ಲವನ್ನೂ ಹೇಳಿದೆ. ಬಸ್ಸು, ಕತ್ತರಿ, ಮೊಳೆ, ಒಲೆ. ಅವನು ಉಣ್ಣೆಯಿಂದ ಕೈ ತೆಗೆಯದೆ ಕೇಳಿದ. ಕಟ್ಟೆಗೆ ಹೋಗೋಣ ನಡೀರಿ, ಎಲ್ಲರ ಮುಂದೆ ಹೇಳುತ್ತೇನೆ ಎಂದಾಗ ಮಾತ್ರ ಕೈ ನಿಂತಿತು.

"ಬ್ಯಾಡ್ರಿ."

"ಯಾಕ್ರಿ?"

"ಮಗಳಿಗೆ ವರ ಬಂದಿತ್ತರಿ. ಸುಳ್ಳಿನ ಮನೀದು ಹೆಣ್ಣ ಬ್ಯಾಡ ಅಂದ್ರು. ಆವಾಗ ಬೀರಪ್ಪನ ಗುಡಿಯಾಗ ಭಂಡಾರ ಎತ್ತಿ, ಊರ ದೈವದ ಮಂದಿ ಮುಂದ ಹೇಳೀನ್ರಿ — ನಾ ಸಿನಿಮಾದಾಗ ಇದ್ದಿಲ್ಲ, ಸುಳ್ಳ ಹೇಳಿದ್ನಿ, ತಪ್ಪಾತು ಅಂತ. ಆಮ್ಯಾಲ ಮದವಿ ಆತು. ಈಗ ನೀವು ಹೋಗಿ ಖರೇ ಹೇಳಿದ್ರ ನನ್ನ ಭಂಡಾರ ಸುಳ್ಳ ಆಗತೈತ್ರಿ."

ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಭಂಡಾರವನ್ನು, ಅಂದರೆ ದೇವರ ಅರಿಷಿಣವನ್ನು, ಕೈಯಲ್ಲಿ ಹಿಡಿದು ಆಡಿದ ಮಾತು ಕುರಿಗಾರರಲ್ಲಿ ಕಡೆಯ ಮಾತು. ಅದು ಸುಳ್ಳಾದರೆ ಮಂದೆಗೆ, ಮಕ್ಕಳಿಗೆ ತಟ್ಟುತ್ತದೆಂದು ನಂಬಿದವರು. ನನ್ನೊಂದು ನಗೆಮಾತಿನಿಂದಾಗಿ ಅವನು ತನ್ನ ದೇವರ ಮುಂದೆ, ಇದ್ದದ್ದನ್ನು ಇಲ್ಲವೆಂದು ಆಣೆ ಮಾಡಿದ್ದ.

"ಹೆಂಡತಿ?" ಎಂದೆ.

"ಆಕಿ ತೀರಿಕೊಂಡ್ಲರಿ. ಯಾವುದು ಖರೇ, ಯಾವುದು ಸುಳ್ಳ ಅಂತ ಸಾಯೂತನಕ ಕೇಳ್ಲಿಲ್ಲ. ನಾನೂ ಹೇಳ್ಲಿಲ್ಲ."

ಹಾಗಾಗಿ ಆ ಊರಿನಲ್ಲಿ ನಾನು ಬಾಯಿ ಬಿಡುವಂತಿಲ್ಲ. ಹೆಸರು ಮರೆಸಿ ಇಲ್ಲಿ ಬರೆಯಲೇ ಎಂದು ಕೇಳಿದ್ದಕ್ಕೆ, "ಓದಾವ್ರು ಯಾರ್ರಿ, ಬರೀರಿ," ಎಂದ. ಬರೆದಿದ್ದೇನೆ. ಇದರಿಂದ ನನ್ನ ತಪ್ಪು ತೊಳೆದುಹೋಯಿತೆಂದು ನಾನು ತಿಳಿದಿಲ್ಲ, ನೀವೂ ತಿಳಿಯಬೇಡಿ.

ಏಳುವ ಹೊತ್ತಿಗೆ ಅವನು ನನ್ನ ತೋಳು ಹಿಡಿದು ಕೂರಿಸಿದ. ಆಚೀಚೆ ಯಾರೂ ಇಲ್ಲವೆಂದು ನೋಡಿಕೊಂಡ. ಆ ಮುಖದಲ್ಲಿ ಎಂಥದೋ ಎಳೆತನ ಬಂದಿತ್ತು.

"ಅಲ್ರಿ, ಅದನ್ನ ಕಂಡಾವ್ರು ಅಂದ್ರ ನೀವೊಬ್ಬರ. ಒಂದ ಮಾತ ಹೇಳ್ರಿ. ಅದರಾಗ ನಾ ಹ್ಯಾಂಗ ಕಾಣಸ್ತಿದ್ನಿ?"

ರಾಜನ ಹಂಗ ಕಾಣಸ್ತಿದ್ರಿ — ನಾಲಿಗೆಯ ತುದಿಗೆ ಬಂದಿತ್ತು. ನನ್ನ ನಾಲಿಗೆ ಯಾವತ್ತೂ ತಡವರಿಸಿದ್ದಲ್ಲ. ಆದರೆ ಆ ಬೆಳಿಗ್ಗೆ ನಾನು ರೀಲನ್ನು ಬೆಳಕಿಗೆ ಹಿಡಿದು ನೋಡಿದ್ದು ಎರಡೇ ಜಾಗ, ದೃಶ್ಯ ಎಲ್ಲಿ ಶುರು, ಎಲ್ಲಿ ಮುಗಿತಾಯ. ನಡುವೆ ನಡೆದುಬಂದ ಮನುಷ್ಯನ ಮುಖ —

"ನಾ ನೋಡ್ಲಿಲ್ರಿ, ಮಾಳಪ್ಪ," ಎಂದೆ.

ಅವನು ನನ್ನ ತೋಳು ಬಿಟ್ಟ.